ಗಾಲಿಕುರ್ಚಿಯ ಪ್ಲಾಸ್ಟಿಕ್ಕು

“ಏಯ್ ಮುದುಕಿ, ಪ್ಲಾಸ್ಟಿಕ್ ಹರಿದೀಯೆ! ಅದರ ಮೇಲೇ ಕೂರಿಸು. ಸೀಟಿಗೆ ಅವನ ಕುಂಡಿ ತಾಗಬಾರದು!”

ದುಶ್ಯಂತ ಕಿರುಚಿದ್ದು ಮೈಕಿನಲ್ಲಲ್ಲ. ಆದರೂ ದುರ್ಗಿಗುಡಿಯ ಆ ಸಭಾಭವನದಿಂದ ಹೊರಟ ದನಿ ತ್ಯಾವರೆಕೊಪ್ಪ ಸಫಾರಿಯ ಹುಲಿಗಳನ್ನೂ ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿರಬೇಕು. ಲಿಂಗಮ್ಮ ಬೆನ್ನ ಮೇಲಿದ್ದ ಗಂಡ ಹಿರಿಯಣ್ಣನನ್ನು ಮೆಲ್ಲಗೆ ಗಾಲಿಕುರ್ಚಿಗೆ ಇಳಿಸಿದಳು. ಅವಳದೇನು ಸಾಮಾನ್ಯ ಬೆನ್ನೇ? ಭದ್ರಾವತಿಯ ಮನೆಯಿಂದ ಆಸ್ಪತ್ರೆಗೆ, ಹಾಸಿಗೆಯಿಂದ ಕಕ್ಕಸಿಗೆ, ಆಳುದ್ದದ ಗಂಡಸನ್ನು ಹೊತ್ತೂ ಹೊತ್ತೂ ಮೊಣಕಾಲು ಸವೆದು, ಅವಳು ನಡೆದರೆ ಹಳೇ ಲಾರಿ ಗೇರು ಬದಲಿಸಿದಂತೆ ಸದ್ದು. ಬೀದಿನಾಯಿಗಳು ಹೆದರಿ ದಾರಿ ಬಿಡುತ್ತಿದ್ದವು. ಈ ಕುರ್ಚಿಯೊಂದು ಸಿಕ್ಕರೆ ಆ ಬೆನ್ನಿಗೆ ಬಿಡುಗಡೆ. ಹಿರಿಯ ನಾಗರಿಕರಿಗೆ ಗಾಲಿಕುರ್ಚಿ ಕೊಡ್ತಾರೆ ಅಂದದ್ದಕ್ಕೇ ಬಂದಿದ್ದಳು.

ವೇದಿಕೆಯ ಮೇಲೆ ಕುತ್ತಿಗೆ ಕಾಣದಷ್ಟು ಹಾರ ಹಾಕಿಕೊಂಡು ಕೂತಿದ್ದವನು ದುಶ್ಯಂತನ ಅಪ್ಪ ಭೈರಪ್ಪ, ಭದ್ರಾವತಿಯ ಗುಜರಿ ಯಾರ್ಡಿನ ಒಡೆಯ. ಅಲ್ಲಿ ಕಬ್ಬಿಣದ ಹಳಿ ಹೊರುವಾಗಲೇ ಹಿರಿಯಣ್ಣನ ಬೆನ್ನು ಮುರಿದದ್ದು. “ಕುಡಿದು ಬಿದ್ದ” ಎಂದು ಭೈರಪ್ಪ ಊರಿಗೆಲ್ಲ ಸಾರಿದ್ದ. ಹಿರಿಯಣ್ಣನೋ, ಹೆಂಡದಂಗಡಿಯ ಬೋರ್ಡು ಕಂಡರೇ ವಾಂತಿ ಮಾಡುವ ಆಸಾಮಿ. ನೀರೂ ನೆಟ್ಟಗೆ ಕುಡಿದವನಲ್ಲ. ಆ ಯಾರ್ಡಿನಲ್ಲಿ ಇವರ ಕೇರಿಯವರಿಗೆ ಲೋಟ ಇರಲಿಲ್ಲ, ಮೇಲಿಂದ ಸುರಿದ ನೀರಿಗೆ ಬೊಗಸೆಯೊಡ್ಡಬೇಕಿತ್ತು.

ಹಿರಿಯಣ್ಣ ಹೆಂಡತಿಯ ಸೆರಗು ಜಗ್ಗಿದ. “ಲಿಂಗೀ, ಉಚ್ಚೆ ಬಂದದೆ ಕಣೇ. ಬೆಳಗ್ಗಿಂದ ತಡ್ಕಂಡಿದೀನಿ.”

“ಬುದ್ಧೀ,” ಎಂದಳು ಲಿಂಗಮ್ಮ ದುಶ್ಯಂತನಿಗೆ, “ಇವರನ್ನ ಒಂದ್ಸಲ ಕಕ್ಕಸಿಗೆ...”

“ಅದು ಗೆಸ್ಟುಗಳಿಗೆ. ಫೋಟೋ ಆಗೋಗಂಟ ಮುಚ್ಕೊಂಡಿರು ಅನ್ನು.”

ಫೋಟೋ ಆಯಿತು. ಭೈರಪ್ಪ ಕುರ್ಚಿಯ ಹಿಡಿಗೆ ಒಂದು ಬೆರಳು ತಾಗಿಸಿ, ಹಿರಿಯಣ್ಣನಿಗೆ ತಾಗದಂತೆ ಹೊಟ್ಟೆ ಒಳಗೆಳೆದುಕೊಂಡು, ಭದ್ರಾವತಿಗೂ ಕಾಣುವಷ್ಟು ಹಲ್ಲು ಬಿಟ್ಟ.

“ಹ್ಞಾಂ, ಸಾಕು. ಇಳಿಸು ಅವನನ್ನ,” ಎಂದ ದುಶ್ಯಂತ.

“ಇಳಿಸೋದಾ? ಕೊಟ್ಟಿದ್ದಲ್ವಾ ಬುದ್ಧಿ?”

“ಕೊಡೋಕೆ ನಿಮ್ಮಪ್ಪ ತಂದಿದ್ನಾ? ಇದು ನಮ್ಮಪ್ಪಾಜಿಗೆ ತರ್ಸಿದ್ದು. ನಾಳಿದ್ದು ಸೊಂಟದ ಆಪರೇಷನ್ ಇದೆ. ಬಿಸ್ಕತ್ ಕೊಡ್ತಾರೆ, ಇಸ್ಕೊಂಡು ಹೊರಡು.”

“ಬೇಗ ಇಳಿಸ್ರೋ,” ಭೈರಪ್ಪ ಮೂಗು ಮುಚ್ಚಿಕೊಂಡ. “ಗೋಮೂತ್ರ ಹಾಕಿ ಒರೆಸ್ಬೇಕು ಅದನ್ನ.”

ಲಿಂಗಮ್ಮ ಗಂಡನನ್ನು ಎತ್ತುವವಳಂತೆ ಬಗ್ಗಿದಳು. ಉಗುರು ಹಾಕಿ ಪ್ಲಾಸ್ಟಿಕ್ಕನ್ನು ಚರ್ರನೆ ಸೀಳಿ ಎಳೆದಳು. ಹೊಸ ಮೆತ್ತೆ ಹಿರಿಯಣ್ಣನ ಮೈಗೆ ತಾಗಿತು.

“ಇನ್ನು ತಡ್ಕಬೇಡ ಯಜಮಾನ. ಬಿಡು.”

ಬಿಟ್ಟ. ಭದ್ರಾ ಡ್ಯಾಮಿನ ಗೇಟುಗಳನ್ನೆಲ್ಲ ಒಟ್ಟಿಗೇ ಎತ್ತಿದ ಹಾಗೆ ಬಿಟ್ಟ. ಮೆತ್ತೆ ನೆಂದು, ವೇದಿಕೆಯ ಮೇಲೆಲ್ಲ ಹರಿದು, ಮುಂದಿನ ಸಾಲಿನ ದಾನಿಗಳು ಪಂಚೆ ಎತ್ತಿಕೊಂಡು ಕುರ್ಚಿ ಹತ್ತಿದರು.

“ಬಾರೋ ಗೌಡ, ಕೂತ್ಕೋ! ನಿನ್ನ ಗೋಮೂತ್ರ ಉಳೀತು,” ಎಂದಳು ಲಿಂಗಮ್ಮ. “ಕುಡಿದು ಬಿದ್ದ ಅಂದ್ಯಲ್ಲೋ ಬೋಳಿಮಗನೆ! ಬಗ್ಗಿ ಮೂಸಿ ನೋಡು. ಹೆಂಡದ ವಾಸ್ನೆ ಬರ್ತದಾ?”

“ಹಿಡೀರೋ ಆ ಮುಂಡೇದನ್ನ!” ದುಶ್ಯಂತ ಒದರಿದ. ಭೈರಪ್ಪನ ಡ್ರೈವರು ಓಡಿಬಂದವನು ಕುರ್ಚಿಯಿಂದ ಮಾರುದೂರದಲ್ಲೇ ನಿಂತು ಕೈ ಹಿಂದಕ್ಕೆಳೆದುಕೊಂಡ. ಯಾರೂ ಮುಟ್ಟಲಿಲ್ಲ.

ಲಿಂಗಮ್ಮ ಭೈರಪ್ಪನ ಮುಂದಿದ್ದ ನೀರಿನ ಬಾಟ್ಲಿ ಎತ್ತಿಕೊಂಡು, ಕುರ್ಚಿ ತಳ್ಳಿಕೊಂಡು ರಸ್ತೆಗಿಳಿದಳು. ಗಾಲಿಗಳು ಭದ್ರಾವತಿಯ ಕಡೆಗೆ ಎರಡು ಒದ್ದೆ ಗೆರೆ ಎಳೆಯುತ್ತ ಹೊರಟವು. ಹಿಂದೆ ಪೊಲೀಸ್ ಜೀಪಿನ ಸೈರನ್ ಕೇಳಿತು.

ಅವಳು ತಿರುಗಿ ನೋಡಲಿಲ್ಲ. ಮುಚ್ಚಳ ಬಿಚ್ಚಿ ಬಾಟ್ಲಿಯನ್ನು ಗಂಡನ ಬಾಯಿಗಿಟ್ಟಳು.

“ಕಚ್ಚಿ ಕುಡಿ. ಪೂರ್ತಿ ಕುಡಿ. ಜೀಪು ಬರ್ತಾ ಇದೆ, ಅದಕ್ಕೂ ಸೀಟು ಇರ್ತದೆ.”