ಎಲ್ಲರಿಗೂ ನಲವತ್ತು

ಬಾಯಿ ತೆರೆದಾಗ ಸ್ವರವೇ ಹೊರಡದಿದ್ದರೆ?

ಕೊಡಗಿನ ಚೆಟ್ಟಳ್ಳಿಗೆ ಹೊರಟ ಬಸ್ಸಿನಲ್ಲಿ ಯಮುನ ಡೈರಿ ತೆಗೆದು, ಪಕ್ಕದವರಿಗೆ ಕಾಣದಂತೆ ಕೈ ಮರೆಮಾಡಿ, ಇದೊಂದೇ ಸಾಲು ಬರೆದಳು. ಮೈಸೂರಿನ ಕಾಲೇಜಿನಲ್ಲಿ ಹಾಜರಿ ಕರೆದಾಗ ಮೂರು ವರ್ಷವೂ ಕೈ ಎತ್ತಿದ್ದಳೇ ಹೊರತು ‘ಪ್ರೆಸೆಂಟ್ ಸಾರ್’ ಎಂದವಳಲ್ಲ. ಅಂಥವಳ ತಲೆಗೆ ಈಗ ಸಮಾಜಶಾಸ್ತ್ರದ ಫೀಲ್ಡ್ ವರ್ಕ್ ಬಂದಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಹತ್ತು ದಿನ ಒಂದು ಕಡೆ ಇದ್ದು, ಇಪ್ಪತ್ತು ಮನೆಯವರನ್ನು ಮಾತಾಡಿಸಿ, ಮನೆಗೊಂದು ಹಾಳೆ ತುಂಬಬೇಕು. ಅದಕ್ಕೆ ಐವತ್ತು ಅಂಕ. ಕೊನೆಯ ದಿನ ಜಯಪ್ಪ ಮೇಷ್ಟ್ರು ತಾವೇ ಬಂದು ನೋಡಿ ಸಹಿ ಹಾಕುತ್ತಾರೆ. ಸಹಿ ಇಲ್ಲದಿದ್ದರೆ ಬಿ.ಎ.ಯೂ ಇಲ್ಲ.

ಹೆದರಿಕೆ ಇದ್ದದ್ದು ನಿಜ. ಆದರೂ ಬಸ್ಸು ಒಂದೊಂದು ತಿರುವು ತೆಗೆದಾಗಲೂ ಕಿಟಕಿಯಾಚೆಗೆ ಕತ್ತು ಚಾಚಿ ನೋಡುತ್ತಿದ್ದಳು. ತನ್ನದೇ ಕೆಲಸಕ್ಕೆಂದು ತಾನೊಬ್ಬಳೇ ಎಲ್ಲಿಗಾದರೂ ಹೊರಟದ್ದು ಇದೇ ಮೊದಲು.

ಅವಳು ಉಳಿದದ್ದು ಸೋದರಮಾವ ಬೆಳ್ಯಪ್ಪನ ಮನೆಯಲ್ಲಿ; ಅವರು ಅಲ್ಲಿನ ಕಾಫಿ ಎಸ್ಟೇಟಿನಲ್ಲಿ ರೈಟರು. ದಿನಾ ಬೆಳಿಗ್ಗೆ ಮೇಜಿನ ಮುಂದೆ ಲೈನ್ ಎಂಬ ಎಸ್ಟೇಟಿನ ಸಾಲುಮನೆಗಳ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ, ಚೆಕ್‌ರೋಲ್ ಎಂಬ ಉದ್ದನೆಯ ಪುಸ್ತಕದಲ್ಲಿ ಹಾಜರಿ ಹಾಕುವವರು ಅವರೇ.

“ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆರು ವರ್ಷ ಆತ್. ಈಗ ನಮ್ಮ ಲೈನ್ ಮನೆ ಎಣ್ಸಿಕೆ ಅಲ್ಲಿಂದಲೇ ಜನ ಬಂದುಟ್ಟು!” ಎಂದು ಅವರು ನಕ್ಕರು. “ನೀ ಹೆದರ್ಬೇಡ ಗೂಡೆ. ನಾಳೆ ನನ್ನ ಪಕ್ಕ ಕೂತ್ಕೊ. ನಾ ಕೇಳ್ತೇನೆ, ನೀ ಬರಿ.”

ಹಾಗೇ ಆಯಿತು. ಮಾವ ಗುಡುಗಿದಂತೆ ಪ್ರಶ್ನೆ ಕೇಳಿದರು. ಸಾಲಿನಲ್ಲಿದ್ದವರು ಕೈಕಟ್ಟಿ ಉತ್ತರ ಹೇಳಿದರು. ಯಮುನ ತಲೆ ಎತ್ತದೆ ಬರೆದಳು. ಬಿಸಿಲು ನೆತ್ತಿಗೇರುವ ಮೊದಲೇ ಇಪ್ಪತ್ತು ಹಾಳೆಯೂ ಭರ್ತಿ! ಅವಳು ಮಾವನ ಮನೆಯ ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಹತ್ತಿದಳು. ‘ಮುಗಿಯಿತು, ಮುಗಿಯಿತು, ಮುಗಿಯಿತು’ ಎಂದು ಡೈರಿಯಲ್ಲಿ ಮೂರು ಸಲ ಬರೆದಳು.

ಸಂಜೆ ಕಾಫಿ ಕುಡಿಯುತ್ತಾ ವಯಸ್ಸಿನ ಕಾಲಂ ಮೇಲೆ ಬೆರಳಾಡಿಸಿದಳು. ನಲವತ್ತು, ನಲವತ್ತು, ಮೂವತ್ತೆಂಟು, ನಲವತ್ತು. ಚೋಮಿ ಎಂಬಾಕೆಗೆ ನಲವತ್ತು. ತಲೆಯಲ್ಲಿ ಒಂದು ಕಪ್ಪು ಕೂದಲಿಲ್ಲದ ಚೋಮಿ! ಮೂವತ್ತೆಂಟು ಅವಳ ಮಗಳ ವಯಸ್ಸು. ಎರಡು ವರ್ಷದವಳಿದ್ದಾಗಲೇ ಹೆತ್ತಳೇ? ಯಮುನಳಿಗೆ ತಡೆಯಲಾರದಷ್ಟು ನಗು ಬಂತು. ನಗು ಅರ್ಧದಲ್ಲೇ ನಿಂತೂ ಹೋಯಿತು.

ಒಲೆಯ ಮುಂದಿದ್ದ ಪೂವಮ್ಮ ಅತ್ತೆಗೆ ತೋರಿಸಿದಳು.

“ಮತ್ತೆಂತ?” ಎಂದರು ಅತ್ತೆ. “ಆ ಮೇಜಿನ ಮುಂದೆ ಯಾರಿಗಾದ್ರೂ ವಯಸ್ಸಾದು ಉಟ್ಟಾ? ಮುದುಕಿ ಅಂತ ಬರ್ದರೆ ಕಾಫಿ ಪಿಕ್ಕಿಂಗಿಗೆ ಸೇರ್ಸುದಿಲ್ಲೆ, ಲೈನ್ ಮನೆ ಬಿಡೆಕ್. ನಿನ್ನ ಮಾವಂಗೂ ಗೊತ್ತುಟ್ಟು. ಗೊತ್ತಿಲ್ಲದ ಹಾಂಗೆ ಬರ್ದವೆ.”

“ಹಾಗಾದ್ರೆ ಇದೆಲ್ಲ...”

“ನಿಂಗೆ ಮಾರ್ಕ್ ಸಿಕ್ಕಿರೆ ಸಾಕಲ್ಲ ಗೂಡೆ. ಕಾಫಿ ಕುಡಿ, ತಣ್ಣಗಾತ್.”

ಮಾರನೆಯ ದಿನ ಅವಳು ಹಾಳೆಗಳನ್ನು ಮನೆಯಲ್ಲೇ ಬಿಟ್ಟಳು. ಅತ್ತೆಯ ಹಳೇ ಸೀರೆ ಸುತ್ತಿ, ಸೊಂಟಕ್ಕೆ ಚೀಲ ಕಟ್ಟಿ, ಚೋಮಿ ಕಾಫಿ ಹಣ್ಣು ಕುಯ್ಯುತ್ತಿದ್ದ ಸಾಲಿನಲ್ಲೇ ಹೋಗಿ ನಿಂತಳು. ಕೇಳಬೇಕಾದ ಮೂವತ್ತೆರಡು ಪ್ರಶ್ನೆ ಬಾಯಿಪಾಠವಾಗಿದ್ದವು. ಒಂದೂ ನಾಲಿಗೆಗೆ ಬರಲಿಲ್ಲ. ಸುಮ್ಮನೆ ಕುಯ್ದಳು. ಅಭ್ಯಾಸವಿಲ್ಲದ ಕೈಗೆ ಕೆಂಪಿನ ಜೊತೆ ಹಸಿರೂ ಬಂತು.

“ಅಯ್ಯೋ, ಹಸ್ರು ಕುಯ್ಬೇಡಿ ಅಮ್ಮಾ! ನಿಮ್ಮ ಮಾವನೇ ನಿಮ್ಗೆ ಬೈತಾರೆ” ಎಂದಳು ಚೋಮಿ. ಸಾಲಿಗೆ ಸಾಲೇ ನಕ್ಕಿತು. ಯಮುನಳೂ ನಕ್ಕಳು.

ಆಮೇಲೆ ಪ್ರಶ್ನೆ ಕೇಳಿದ್ದೆಲ್ಲ ಚೋಮಿಯೇ. ಮದುವೆ ಆಗಿದೆಯಾ? ಅಷ್ಟು ಓದಿ ಏನು ಮಾಡುವುದು? ಮೈಸೂರಲ್ಲಿ ಅನ್ನಕ್ಕೆ ಏನು ಸಾರು?

“ವಯಸ್ಸೆಷ್ಟು?”

“ಇಪ್ಪತ್ತು.”

“ನಿಜದ್ದಾ, ಮೇಜಿನದ್ದಾ?”

ಯಮುನ ಕೈಯಲ್ಲಿದ್ದ ಹಣ್ಣು ಬಿಟ್ಟಳು. ಚೋಮಿ ವೀಳ್ಯದೆಲೆಯಿಂದ ಕೆಂಪಾದ ಬಾಯಿ ಅಗಲಿಸಿ ನಗುತ್ತಿದ್ದಳು. “ನೋಡಿ, ಈ ನೆರಳಿನ ಸಿಲ್ವರ್ ಮರ ಉಂಟಲ್ಲ? ನಾನು ಮದುವೆಯಾಗಿ ಈ ಲೈನಿಗೆ ಬಂದಾಗ ನನ್ನ ಮೊಣಕಾಲಿನಷ್ಟಿತ್ತು. ಲೆಕ್ಕ ನೀವೇ ಹಾಕಿ, ನೀವು ಓದಿದೋರು.”

ಯಮುನ ತಲೆ ಎತ್ತಿದಳು. ಎತ್ತುತ್ತಲೇ ಹೋದಳು. ಮರದ ತುದಿ ಕಾಣಿಸಲಿಲ್ಲ.

“ನಾನು... ಬರ್ಕೊಳ್ಳಾ?”

ಚೋಮಿ ಆ ಗಿಡ ಕುಯ್ದು ಮುಗಿಸಿ ಮುಂದಿನ ಗಿಡಕ್ಕೆ ಹೋದಳು. ಕೊನೆಗೆ, “ಬರೀರಿ. ಚೋಮಿ ಅಂತ ಬೇಡ, ಮೇಜಿಗೆ ಗೊತ್ತಾದೀತು. ಮಹಾರಾಣಿ ಅಂತ ಬರೀರಿ” ಎಂದಳು.

ಅದು ಹೇಗೋ ಸಾಲಿಡೀ ಹಬ್ಬಿತು. “ನಂಗೆ ಟೀಚರಮ್ಮ ಅಂತ ಹಾಕಿ!” “ನಂಗೆ ದೊರೆಸಾನಿ!” ಗಂಜಿ ಕುಡಿಯುವ ಹೊತ್ತಿನಲ್ಲಿ, ಲೈನಿನ ನಲ್ಲಿಯ ಹತ್ತಿರ, ಹಣ್ಣು ಅಳೆಯಲು ಕಾಯುವಾಗ ಅವರು ಹೇಳುತ್ತಾ ಹೋದರು. ಯಾವ ಊರಿಂದ ಬಂದದ್ದು, ಯಾರು ಕರೆತಂದದ್ದು, ಕಾಲು ಏಳದ ದಿನ ಯಾರ ಚೀಲಕ್ಕೆ ಯಾರು ಹಣ್ಣು ಹಾಕುವುದು. ಚೋಮಿಯ ಚೀಲ ದಿನಾ ಅರ್ಧ ತುಂಬುತ್ತಿದ್ದದ್ದು ಮಗಳಿಂದ! ಇದು ಯಾವ ಹಾಳೆಯ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಯಮುನಳ ಡೈರಿ ತುಂಬಿತು, ಅಂಚಿನಲ್ಲೂ ಅಡ್ಡಡ್ಡ ಬರೆದಳು. ರಾತ್ರಿ ಕಣ್ಣು ಮುಚ್ಚಿದರೆ ನಾಳೆ ಕೇಳಬೇಕಾದ್ದೇ ಕಣ್ಣ ಮುಂದೆ. ಆದರೆ ಒಂದೊಂದು ಮನೆಯ ಮಾತೂ ಮುಗಿಯುವಂಥದಲ್ಲ. ಹತ್ತನೆಯ ದಿನಕ್ಕೆ ಏಳೇ ಮನೆ ಆಗಿತ್ತು.

ಬೇಕಾದದ್ದು ಇಪ್ಪತ್ತು.

ಜಯಪ್ಪ ಮೇಷ್ಟ್ರು ಶನಿವಾರಸಂತೆ ಕಡೆಯವರು, ದೊಡ್ಡ ದನಿಯವರು. ಜಗಲಿಯಲ್ಲಿ ಕೂತು, ಬೆಳ್ಯಪ್ಪ ಮಾವ ಹೆಮ್ಮೆಯಿಂದ ತಂದಿಟ್ಟ ಹಾಳೆಗಳನ್ನು ಮಗುಚಿದರು.

“ಭೇಷ್ ಕಣವ್ವಾ! ಇಪ್ಪತ್ತಕ್ಕೆ ಇಪ್ಪತ್ತು! ನಿನ್ ಜೊತೆಯೋರು ಇನ್ನೂ ಹತ್ತು ದಾಟಿಲ್ಲ. ಬಾಯೇ ಇಲ್ಲ ಅಂದ್ಕೊಂಡಿದ್ದೆ, ಪರ್ವಾಗಿಲ್ಲ ನೀನು.” ಅವರು ಪೆನ್ನಿನ ಮುಚ್ಚಳ ತೆಗೆದರು.

ಸುಮ್ಮನಿದ್ದರೆ ಆಯಿತು. ಸುಮ್ಮನಿರುವುದು ಅವಳಿಗೆ ಹೊಸತೇ? ಮಾವನಿಗೆ ಸಂತೋಷ, ಮೇಷ್ಟ್ರಿಗೆ ಸಂತೋಷ, ಕೈಗೆ ಡಿಗ್ರಿ. ಆದರೆ ಎದೆಗವಚಿಕೊಂಡ ಡೈರಿಯೊಳಗೆ ಮಹಾರಾಣಿ, ಟೀಚರಮ್ಮ, ದೊರೆಸಾನಿ ಎಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಆ ಮೊಣಕಾಲೆತ್ತರದ ಸಿಲ್ವರ್ ಮರ! ಅದನ್ನು ಹೇಳದೆ ಇನ್ನೊಂದು ಗಳಿಗೆ ಇದ್ದರೆ ತಾನು ಒಡೆದೇ ಹೋದೇನು ಅನ್ನಿಸಿತು. ಪೆನ್ನು ಹಾಳೆಗೆ ಇನ್ನೇನು ತಾಗಬೇಕು.

“ಸಾರ್!”

ಅಂಗಳದ ಕಣದಲ್ಲಿ ಕಾಫಿ ಹರಡುತ್ತಿದ್ದವರೂ ತಿರುಗಿ ನೋಡಿದರು. ಅಷ್ಟು ದೊಡ್ಡ ಸ್ವರ ಯಾರದೆಂದು ಅವಳಿಗೂ ಒಂದು ಕ್ಷಣ ತಿಳಿಯಲಿಲ್ಲ.

“ಸಹಿ ಹಾಕ್ಬೇಡಿ ಸಾರ್. ಆ ಇಪ್ಪತ್ತೂ ಸುಳ್ಳು. ಹೇಳಿದೋರದ್ದೇನೂ ತಪ್ಪಿಲ್ಲ, ಕೇಳ್ಬಾರದ ಜಾಗದಲ್ಲಿ ಕೂತು ಕೇಳ್ದವ್ಳು ನಾನು. ಅವ್ರು ಅದನ್ನ ಹೇಳಿದ್ದು ಮೇಜಿಗೆ. ನಂಗೆ ಹೇಳಿದ್ದು ಏಳೇ ಮನೆ.” ಅವಳು ಡೈರಿಯನ್ನು ಮುಂದೆ ಚಾಚಿದಳು. “ಇದನ್ನ ಓದಿ.”