ಸಾನ್ ಒನೋಫ್ರೆ ನಿಲ್ದಾಣದ ಒರಳು

ಸಾನ್ ಒನೋಫ್ರೆ ಮೆಟ್ರೊ ನಿಲ್ದಾಣದ ನಾಮಫಲಕದ ಮೇಲೆ ಮೂರು ಕಾಲಿನ ಒರಳಿನ ಚಿತ್ರ ಏಕಿದೆ ಎಂದು ಕೇಳಿದರೆ ಇಲಾಖೆಯವರು ಒಂದು ಪುಸ್ತಿಕೆ ಕೊಡುತ್ತಾರೆ. ಅದರಲ್ಲಿ ಪುರಾತನ ಪುರೋಹಿತರಿದ್ದಾರೆ, ಬತ್ತಿಹೋದ ಸರೋವರವಿದೆ, ಡಾಕ್ಟರ್ ಬೆಲಿಸಾರಿಯೊ ಅವರ ಫೋಟೋ ಇದೆ. ದೋನ್ಯಾ ಹೆರ್ಮೆಲಿಂದಾ ಇಲ್ಲ. ನಾನೂ ಇಲ್ಲ. ನಾನಿಲ್ಲದಿರುವುದೇ ಒಳ್ಳೆಯದು, ಏಕೆಂದರೆ ಆ ಒರಳನ್ನು ಕದ್ದವನು ನಾನು.

ಕದ್ದೆ ಎಂದರೆ ಸ್ವಲ್ಪ ಹೆಚ್ಚಾಯಿತು. ಹೇಳದೆ ಕಡ ತಂದಿದ್ದೆ.

ಅರವತ್ತೆಂಟನೇ ಇಸವಿ. ಮೆಕ್ಸಿಕೋ ನಗರದ ನಮ್ಮ ಬೀದಿಯನ್ನು ನೆಲದಡಿಯ ರೈಲಿಗಾಗಿ ಈ ತುದಿಯಿಂದ ಆ ತುದಿಯವರೆಗೆ ಸೀಳಿ ಹಾಕಿದ್ದರು. ನಾನು ಆ ಗುಂಡಿಯ ಬಳಿ ಸಾಮಾನು ಕೊಠಡಿಯ ಗುಮಾಸ್ತ: ಸಲಿಕೆ ಎಷ್ಟು ಹೋಯಿತು, ಎಷ್ಟು ಬಂತು ಎಂದು ನೋಡುವುದು. ವಾಸ ಗುಂಡಿಯ ಅಂಚಿನಲ್ಲೇ, ದೋನ್ಯಾ ಹೆರ್ಮೆಲಿಂದಾ ನಡೆಸುತ್ತಿದ್ದ ನಾಲ್ಕು ಮೇಜಿನ ಖಾನಾವಳಿಯ ಮಹಡಿಯಲ್ಲಿ. ಆಕೆ ವಿಧವೆ, ಗಿಡ್ಡ ಆಳು, ದೊಡ್ಡ ಗಂಟಲು; ಎಲ್ಲರ ಬಾಯಲ್ಲೂ ದೋನ್ಯಾ, ಅಂದರೆ ಅಮ್ಮಾವ್ರು. ಗಿರಾಕಿಗಳು ಗುಂಡಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಸರ್ಕಸ್ ಮಾಡಿಕೊಂಡು ಊಟಕ್ಕೆ ಬರಬೇಕಾಗಿತ್ತು. ಸಾರಿನಲ್ಲಿ ಧೂಳು ಬೀಳುತ್ತಿತ್ತು. ದಿನಕ್ಕೆರಡು ಬಾರಿ ಆಕೆ ಬಾಗಿಲಿಗೆ ಬಂದು ಗುಂಡಿಯೊಳಗೆ ಬಗ್ಗಿ ಬೈಯುತ್ತಿದ್ದಳು.

"ಇಲಿಗಳಾ! ಮನುಷ್ಯರು ಓಡಾಡೋಕೆ ದೇವ್ರು ಮೇಲೆ ಇಷ್ಟು ಜಾಗ ಕೊಟ್ಟಿದ್ದಾನೆ, ನಿಮಗೆ ಕೆಳಗೇ ಹೋಗ್ಬೇಕಾ?"

ಕೆಳಗಿನಿಂದ ಮೇಸ್ತ್ರಿ ಕೂಕೊ ಟೋಪಿ ತೆಗೆದು, "ಇವತ್ತು ಊಟಕ್ಕೇನು ಮಾಡಿದ್ದೀರಮ್ಮಾ?" ಎನ್ನುತ್ತಿದ್ದ.

"ನಿಂಗೆ ಮಣ್ಣು!"

ಆಕೆಯ ಖಾನಾವಳಿಗೆ ಹೆಸರಿದ್ದದ್ದು ಸಾಲ್ಸಾ ಎಂಬ ಚಟ್ನಿಯಿಂದ. ಸುಟ್ಟ ಟೊಮ್ಯಾಟೊ, ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು. ಎಲ್ಲರೂ ಹಾಕುವುದು ಅದನ್ನೇ. ಆದರೆ ಆಕೆ ಅರೆಯುತ್ತಿದ್ದ ಕಪ್ಪು ಕಲ್ಲಿನ ಒರಳು ಅಜ್ಜಿಯ ಕಾಲದ್ದು. ಅದರ ಒಂದು ಕಾಲು ಮುರಿದಾಗ ಗಂಡ ಸಿಮೆಂಟು ಮೆತ್ತಿ ಸರಿಮಾಡಿಕೊಟ್ಟಿದ್ದ. ಅವನು ಬದುಕಿನಲ್ಲಿ ಮಾಡಿದ ಒಂದೇ ಒಂದು ಕೆಲಸ ಅದು ಎಂದು ಆಕೆಯೇ ಹೇಳುತ್ತಿದ್ದಳು.

ಮೇಸ್ತ್ರಿ ಕೂಕೊನ ಹುಟ್ಟುಹಬ್ಬ ಬಂತು. ಆಳುಗಳು ಗುಂಡಿಯಲ್ಲೇ ಸಲಿಕೆ ಕಾಯಿಸಿ ಅದರ ಮೇಲೆ ಮಾಂಸ ಸುಡುವುದೆಂದು ನಿಶ್ಚಯಿಸಿದರು. ಸಾಲ್ಸಾ ನನ್ನ ಪಾಲಿಗೆ ಬಂತು. ದೋನ್ಯಾ ಪೂಜೆಗೆ ಚರ್ಚಿಗೆ ಹೋಗಿದ್ದಳು. ಒರಳು ಎತ್ತಿಕೊಂಡು ಏಣಿಯಿಳಿದೆ. ಅರೆದೂ ಆಯಿತು. ರೊಟ್ಟಿಗೆ ಹಚ್ಚಿ ಬಾಯಿಗಿಡಬೇಕು, ಅಷ್ಟರಲ್ಲಿ ನೀರೆತ್ತುವ ಪಂಪು ಕೆಮ್ಮಿ ನಿಂತಿತು, ಬದಿಯ ಮಣ್ಣು ಗೊಳಕ್ಕೆಂದು ಜಾರಿತು. ಎಲ್ಲರೂ ಮಂಗಗಳಂತೆ ಏಣಿ ಹತ್ತಿದೆವು. ಯಾರಿಗೂ ಒಂದು ಗೀರೂ ಇಲ್ಲ. ಮೇಲೆ ಬಂದು ನೋಡಿದರೆ ನನ್ನ ಕೈಯಲ್ಲಿ ಒರಳಿನ ಗುಂಡುಕಲ್ಲು ಮಾತ್ರ ಇತ್ತು. ಒರಳು ಕೆಸರಿನ ಪಾಲಾಗಿತ್ತು.

ಗುಂಡುಕಲ್ಲನ್ನು ಮಂಚದ ಕೆಳಗೆ ಬಚ್ಚಿಟ್ಟೆ. ಸಂತೆಗೆ ಓಡಿ ಹೊಸ ಒರಳು ತಂದೆ, ಮಸಿ ಬಳಿದೆ, ಹಂದಿ ಕೊಬ್ಬು ತಿಕ್ಕಿದೆ, ಅದರ ಜಾಗದಲ್ಲಿಟ್ಟೆ. ದೋನ್ಯಾ ಬಂದವಳು ಅದರ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು, ಅಷ್ಟೆ.

"ಇದು ನನ್ನದಲ್ಲ."

"ನಿಮ್ಮದೇ ಇರ್ಬೇಕು ದೋನ್ಯಾ," ಎಂದೆ.

"ಹೆತ್ತ ಮಗೂನ ಬದಲಾಯಿಸಿದ್ರೆ ತಾಯಿಗೆ ಗೊತ್ತಾಗಲ್ವೇನೋ? ಯಾರ ಕೆಲಸ ಅಂತ ನಂಗೊತ್ತು!"

ನಾನು ಬಾಗಿಲತ್ತ ಒಂದು ಹೆಜ್ಜೆ ಸರಿದೆ. ಆದರೆ ಆಕೆಯ ಬೆರಳು ಎದುರು ಬದಿಯ ಹಂದಿಮಾಂಸದ ಅಂಗಡಿಯತ್ತ ಚಾಚಿತ್ತು. ಅಂಗಡಿಯ ದೋನ್ಯಾ ಕ್ಲೆಯೋಫಾಸ್ ಆಕೆಯ ಜೊತೆ ಶಾಲೆ ಕಲಿತವಳು, ಮೂವತ್ತು ವರ್ಷದ ಗೆಳತಿ. ಎಷ್ಟೋ ಸಲ ಸಾಲ್ಸಾದ ಗುಟ್ಟು ಕೇಳಿದ್ದಳು. ಅಷ್ಟೇ ಸಾಕಾಯಿತು. ಗುಂಡಿಯ ಆಚೆ ದಡದಲ್ಲಿ ಒಬ್ಬಳು, ಈಚೆ ದಡದಲ್ಲಿ ಒಬ್ಬಳು.

"ಕಳ್ಳಿ!"

"ಯಾರೇ ಕಳ್ಳಿ? ನಿನ್ನ ಸಾಲ್ಸಾ ನನ್ನ ನಾಯೀನೂ ಮೂಸಲ್ಲ!"

"ನಿನ್ನ ನಾಯಿ ಎಲ್ಲಿ ಉಳಿದಿದೆ? ಕೀಮಾ ಮಾಡಿ ಮಾರಿದ್ಯಲ್ಲ!"

ಅಂದಿನಿಂದ ಕ್ಲೆಯೋಫಾಸಳ ಅಂಗಡಿಯಿಂದ ಮಾಂಸ ತರುವುದು ನಿಂತಿತು. ಖಾನಾವಳಿಯಲ್ಲಿ ದಿನವೂ ಹುರುಳಿಕಾಯಿಯ ಕಾಳು. ಎರಡು ವಾರ ಕಾಳು ತಿಂದು ಇಡೀ ಬೀದಿಯ ಹೊಟ್ಟೆ ಗುಡುಗುತ್ತಿತ್ತು. ಬಾಯಿಬಿಡಲು ನನಗೆ ಧೈರ್ಯವಿಲ್ಲ. ದಿನ ಕಳೆದಷ್ಟೂ ತಪ್ಪು ದಪ್ಪವಾಗುತ್ತ ಹೋಯಿತು.

ಹದಿನೈದನೇ ದಿನ ಗುಂಡಿಯಲ್ಲಿ ಸೀಟಿ ಊದಿ ಕೆಲಸ ನಿಲ್ಲಿಸಿದರು. ಪ್ರಾಚ್ಯವಸ್ತುಗಳನ್ನು ನೋಡಿಕೊಳ್ಳಲು ಬಂದಿದ್ದ ಡಾಕ್ಟರ್ ಬೆಲಿಸಾರಿಯೊ ಕೆಸರಿನಲ್ಲಿ ಮಂಡಿಯೂರಿ, ಹಲ್ಲುಜ್ಜುವ ಬ್ರಶ್ಶಿನಿಂದ ಏನನ್ನೋ ತಿಕ್ಕುತ್ತಿದ್ದರು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಮೇಸ್ತ್ರಿ ಕೂಕೊ ಗಟ್ಟಿಯಾಗಿ ಓದಿದ: "ಆರುನೂರು ವರ್ಷದ ಪೂಜಾ ಪಾತ್ರೆ... ಒಳಗಿನ ಕೆಂಪು ಕಲೆಗಳು ಬಲಿಯ ರಕ್ತವಿರಬಹುದು..."

ಆಳುಗಳು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಆ ರಕ್ತದ ಬೆಳ್ಳುಳ್ಳಿ ಸುಲಿದವನು ನಾನೇ.

ಆ ಪತ್ರಿಕೆಯ ಹಾಳೆಯೊಂದು ಬೆಣ್ಣೆಹಣ್ಣು ಸುತ್ತಿಕೊಂಡು ದೋನ್ಯಾಳ ಅಡುಗೆಮನೆಗೆ ಬಂತು. ಅರ್ಧ ಗಂಟೆಯಲ್ಲಿ ಆಕೆ ಹೊದ್ದಿದ್ದ ಶಾಲನ್ನು ಸೊಂಟಕ್ಕೆ ಬಿಗಿದು ಏಣಿ ಇಳಿಯುತ್ತಿದ್ದಳು. ಗುಂಡಿಯೊಳಗೆ ಆಕೆ ಕಾಲಿಟ್ಟದ್ದು ಅದೇ ಮೊದಲು.

"ಕೊಡಿ ನನ್ನ ಒರಳು."

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಅಮ್ಮಾ, ಇದು ಪುರೋಹಿತರು ಬಳಸ್ತಾ ಇದ್ದ ಪಾತ್ರೆ."

"ಪುರೋಹಿತರಿಗೆ ಸಿಮೆಂಟು ಎಲ್ಲಿ ಸಿಗ್ತಿತ್ತಪ್ಪಾ? ಆ ಎಡಗಾಲು ನೋಡು. ನನ್ನ ಯಜಮಾನರು ಮೆತ್ತಿದ್ದು. ವಕ್ರವಾಗಿದೆ ಅಲ್ವಾ? ಅವರ ಕೈಗುಣಾನೇ ಹಾಗೆ."

ಡಾಕ್ಟರು ಒರಳಿನ ಆ ಕಾಲನ್ನು ಉಗುರಿನಿಂದ ಕೆರೆದು ನೋಡಿದರು. ಮುಖ ಸುಣ್ಣದ ಗೋಡೆಯಾಯಿತು. ಆದರೂ ಬಿಡದೆ, "ಇದು ಎಂಟು ಮೀಟರ್ ಆಳದಲ್ಲಿ ಸಿಕ್ಕಿದೆ. ನಿಮ್ಮ ಅಡುಗೆಮನೆಯಿಂದ ತಾನಾಗೇ ನಡ್ಕೊಂಡು ಬಂತಾ?" ಎಂದರು.

"ಆ ಕ್ಲೆಯೋಫಾಸ್ ಎಸೆದಿದ್ದಾಳೆ!"

ಗದ್ದಲ ಕೇಳಿ ಕ್ಲೆಯೋಫಾಸ್ ಕೂಡ ಕೈಯಲ್ಲಿ ಮಾಂಸದ ಕತ್ತಿಯೊಂದಿಗೇ ಏಣಿಯ ತುದಿಗೆ ಬಂದು ನಿಂತಿದ್ದಳು. ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದರೆ ಆಗುತ್ತದೆಯೇ? ಓಡಿಹೋಗಿ ಮಂಚದ ಕೆಳಗಿನ ಗುಂಡುಕಲ್ಲು ತಂದೆ. ಒರಳಿನೊಳಗೆ ಇಟ್ಟೆ. ಹೊಕ್ಕುಳಿಗೆ ಬೆರಳಿಟ್ಟಂತೆ ಕೂತಿತು.

"ನಾನೇ ದೋನ್ಯಾ. ಕೂಕೊ ಹುಟ್ಟುಹಬ್ಬಕ್ಕೆ ತಂದಿದ್ದೆ. ಮಣ್ಣು ಕುಸೀತು."

ದೋನ್ಯಾ ನನ್ನನ್ನು ನೋಡಿದಳು, ಮೇಲಿದ್ದ ಗೆಳತಿಯನ್ನು ನೋಡಿದಳು, ಮತ್ತೆ ನನ್ನನ್ನು.

"ಎವೋದಿಯೊ, ಎರಡು ವಾರದಿಂದ ಮೂರು ಹೊತ್ತೂ ಕಾಳು ತಿಂತಾ ಇದ್ಯಲ್ಲ, ಒಂದ್ಸಲಾನೂ ನಿಜ ಬಾಯಿಗೆ ಬರ್ಲಿಲ್ವಾ ಮಗನೇ?"

ಹೊಡೆದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಮಾತ್ರ ಒರಳನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದರು. "ಇದು ನಿಮಗೆ ಎಲ್ಲಿ ಸಿಕ್ತಮ್ಮಾ?"

"ನಮ್ಮಜ್ಜಿಗೆ ಸಿಕ್ಕಿದ್ದು. ಹಿತ್ತಲ ಬಾವಿ ತೋಡುವಾಗ."

"ಎಷ್ಟು ಆಳದಲ್ಲಿ?"

"ತೋಡಿದವ್ರು ಸತ್ತು ನಲವತ್ತು ವರ್ಷ ಆಯ್ತು. ಹೋಗಿ ಕೇಳ್ಕೊಂಡು ಬರ್ತೀಯಾ?"

ಡಾಕ್ಟರು ಕೆಸರಿನಲ್ಲೇ ಕುಣಿದರು. ಸಿಮೆಂಟಿನ ಕಾಲು ಬಿಟ್ಟು ಮಿಕ್ಕದ್ದೆಲ್ಲ ಆರುನೂರು ವರ್ಷದ್ದೇ ಎಂದು ಆಣೆಯಿಟ್ಟರು. ನೆಲದಡಿ ಸಿಕ್ಕ ಹಳೆಯ ವಸ್ತು ದೇಶದ ಸೊತ್ತು, ಕಾನೂನು ಹಾಗಿದೆ ಎಂದರು.

"ಹಾಗಾದ್ರೆ ದೇಶವೇ ಬಂದು ಮೆಣಸಿನಕಾಯಿ ಅರೀಲಿ," ಎಂದಳು ದೋನ್ಯಾ.

ಒಂದು ಗಂಟೆ ವಾದ ನಡೆಯಿತು. ಕೊನೆಗೆ ಆಕೆ ಸೋತಳು, ಆದರೆ ಷರತ್ತು ಹಾಕಿ ಸೋತಳು: ಕಡೆಯ ಬಾರಿ ಅದರಲ್ಲಿ ಸಾಲ್ಸಾ ಅರೆಯಬೇಕು, ಡಾಕ್ಟರು ತಿನ್ನಬೇಕು. ತಿಂದರು. ಕಣ್ಣಲ್ಲಿ, ಮೂಗಲ್ಲಿ ನೀರು. ಮೂರು ರೊಟ್ಟಿಯಾದ ಮೇಲೆ, "ಇದನ್ನು ಬಲಿ ಅಂತ ಬರೆದದ್ದು ಪೂರ್ತಿ ತಪ್ಪಲ್ಲ," ಎಂದರು.

ಅಂದು ಸಂಜೆ ದೋನ್ಯಾ ಹಲಗೆ ದಾಟಿ ಕ್ಲೆಯೋಫಾಸಳ ಅಂಗಡಿಗೆ ಹೋದಳು. ಕ್ಷಮೆ ಕೇಳುವುದು ಆಕೆಗೆ ಅಭ್ಯಾಸವಿರಲಿಲ್ಲ. ಬಾಗಿಲಲ್ಲಿ ನಿಂತು, "ಅರ್ಧ ಕಿಲೋ ಪಕ್ಕೆಲುಬು ಕೊಡು," ಎಂದಳು. ಕ್ಲೆಯೋಫಾಸ್ ತೂಗಿದಳು. ಆಮೇಲೆ ಒಳಗೆ ಹೋಗಿ ತನ್ನ ಅತ್ತೆಯ ಒರಳನ್ನು ತಂದು ಮಾಂಸದ ಪಕ್ಕ ಕುಕ್ಕಿದಳು. "ಅರೆಯೋದನ್ನ ನನ್ನ ಮುಂದೇನೇ ಅರೀಬೇಕು," ಎಂದಳು. ಹೀಗೆ ಗುಟ್ಟು ಬಯಲಾಯಿತು: ದೋನ್ಯಾ ಬೆಳ್ಳುಳ್ಳಿಯನ್ನು ಸಿಪ್ಪೆಯ ಸಮೇತ ಸುಡುತ್ತಿದ್ದಳು, ಅಷ್ಟೆ. ಅರೆಯುವ ಕೆಲಸ ಮೂರು ತಿಂಗಳು ನನ್ನದಾಯಿತು. ನನ್ನ ಅಂಗೈಯ ಉರಿ ಆರಲು ಇನ್ನೂ ಮೂರು ತಿಂಗಳು ಹಿಡಿಯಿತು.

ಮರುವರ್ಷ ರೈಲು ಓಡಿತು. ಇಬ್ಬರೂ ಮದುವೆಗೆ ಹೊರಟಂತೆ ಸಿಂಗರಿಸಿಕೊಂಡು ಬಂದರು, ನಾನು ಚೀಲ ಹಿಡಿದು ಹಿಂದೆ. ರೈಲು ಹೊರಟಾಗ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದರು. ನಾನು ನೋಡಿದ್ದೇ ಬಿಟ್ಟರು.

"ಹೆದ್ರಿಕೆ ಆದ್ರೆ ಇಳಿಯೇ ಹೆರ್ಮೆಲಿಂದಾ."

"ನಂಗ್ಯಾಕೆ ಹೆದ್ರಿಕೆ? ನೀನು ಇಳಿ."

"ನೀನಿಳಿದ್ರೆ ನಾನಿಳೀತೀನಿ."

ಹೀಗೇ ಆ ತುದಿ ಮುಟ್ಟಿದೆವು, ಈ ತುದಿಗೆ ಬಂದೆವು, ಮತ್ತೆ ಆ ತುದಿ. ಮೂರನೆಯ ಸುತ್ತಿಗೆ ಹಸಿವು ತಡೆಯಲಾರದೆ ನಾನು ಇಳಿದುಬಿಟ್ಟೆ. ಅವರಿಬ್ಬರು ಮನೆ ಸೇರಿದ್ದು ಸಂಜೆ ಆರಕ್ಕೆ, ಅದೂ ನಡೆದುಕೊಂಡು. ನಮ್ಮ ನಿಲ್ದಾಣ ಐದು ಸಲ ಬಂದರೂ ಯಾರೊಬ್ಬರೂ ಮೊದಲು ಏಳಲು ಒಪ್ಪದೆ, ಕೊನೆಗೆ ಅದನ್ನು ದಾಟಿ ನಾಲ್ಕು ನಿಲ್ದಾಣ ಆಚೆ ಇಬ್ಬರಿಗೂ ಒಂದಕ್ಕೆ ಅವಸರವಾಗಿ ಒಟ್ಟಿಗೇ ಎದ್ದರಂತೆ.