ಕದಿರಪ್ಪನ ಹಿಡಿ ಸುಂಕ

ಸುಂಕದ ಮಾತುಕತೆಗೆ ಕೊತ್ತಪಲ್ಲಿಯವರು ವೆಂಕಟರತ್ನಮ್ಮನನ್ನೇ ಮುಂದೆ ಮಾಡಿದರು. ಆಂಧ್ರದ ದೊಡ್ಡೂರೊಂದರಿಂದ ಒಡೆದು ಬಂದು ಗಡಿಯಂಚಿನಲ್ಲಿ ನೆಲೆನಿಂತ ಪುಟ್ಟ ಊರು ಅದು. ವ್ಯಾಪಾರಕ್ಕೆ ಮಾತ್ರ ಗಡಿ ದಾಟಿ ಮುಳಬಾಗಿಲು ತಾಲ್ಲೂಕಿನ ಸಂತೆಗೇ ಬರಬೇಕು. ಆ ಸಂತೆ ನಡೆಯುವುದು ಅವಳ ತವರೂರಿನಲ್ಲಿ. ಸುಂಕ ಎತ್ತುವವನು ಅವಳ ಒಡಹುಟ್ಟಿದ ಅಣ್ಣ ಕದಿರಪ್ಪ.

ಸುಂಕವೆಂದರೆ ದುಡ್ಡಲ್ಲ. ಗಡಿಯಾಚೆಯಿಂದ ಬಂದ ಪ್ರತಿ ಕುಕ್ಕೆಯಿಂದ ಒಂದು ಹಿಡಿ, ಅದೂ ಕದಿರಪ್ಪನ ಹಿಡಿ. ಅವನ ಅಂಗೈಯೋ ಮೊರದಗಲ. ಕೊತ್ತಪಲ್ಲಿಯವರು ರೇಗಿ, ತಮ್ಮ ಕೆರೆಗೆ ನೀರು ಕುಡಿಯಲು ಬರುವ ಕದಿರಪ್ಪನ ಊರಿನ ದನಗಳನ್ನು ತಡೆದಿದ್ದರು.

ಅಣ್ಣ ತಂಗಿ ಮಾತು ಬಿಟ್ಟು ಮೂರು ವರ್ಷ. ತನ್ನ ಮಗಳ ಮದುವೆಗೆ ಅವನು ಅರಿಶಿನ ಕುಂಕುಮ ಹಿಡಿದು ಬಂದು ಕರೆಯದೆ ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿದ, ಇವಳು ಹೋಗಲಿಲ್ಲ. ಹಟದಲ್ಲಿ ಒಬ್ಬರಿಗಿಂತ ಒಬ್ಬರು ಮೇಲು. ಆದರೆ ಸಂತೆಯ ದಿನ ಅವನು ತುಟಿ ಬಿಚ್ಚದೆ ಬಂದು ಇವಳ ಕುಕ್ಕೆಗೆ ಕೈ ಹಾಕುತ್ತಿದ್ದ. ಅವನಿಗೆ ಅವರೆಕಾಯಿ ಎಂದರೆ ಪ್ರಾಣ. ಸೊಗಡಿನ ಕಾಯಿಗಳನ್ನೇ ಆರಿಸಿ ಇವಳು ಮೇಲಿಡುತ್ತಿದ್ದಳು. ಸುಂಕ ಹೋದರೆ ಆ ಕೈಯೂ ತನ್ನ ಕುಕ್ಕೆಗೆ ಬರುವುದಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಸಂಕಟ.

ಅರಳಿಕಟ್ಟೆಯ ಮೇಲೆ ಎರಡೂ ಊರು ಕೂತವು.

"ದನಕ್ಕೆ ನೀರು ಬಿಡ್ತೀವಿ. ನೀವು ಹಿಡಿ ಬಿಡಿ," ಎಂದಳು, ಅಣ್ಣನ ಮುಖ ನೋಡದೆ.

"ತಾತನ ಕಾಲದಿಂದ ಬಂದಿರೋ ಸುಂಕ," ಎಂದ ಕದಿರಪ್ಪ, ಅರಳಿಮರಕ್ಕೆ ಹೇಳುವವನಂತೆ.

"ತಾತಂಗೆ ಇಷ್ಟು ದೊಡ್ಡ ಕೈ ಇರ್ಲಿಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. ಕದಿರಪ್ಪನ ಮೀಸೆಯೂ ಅಲುಗಿತು. ಸುಂಕವೂ ಇಲ್ಲ, ತಡೆಯೂ ಇಲ್ಲ ಎಂದು ಕಾಗದವಾಯಿತು. ರುಜು ಹಾಕುವ ಹೊತ್ತಿಗೆ ವೆಂಕಟರತ್ನಮ್ಮ ಕಾಗದದ ಮೇಲೆ ಕೈಯಿಟ್ಟಳು.

"ಇನ್ನೊಂದು ಸಾಲು ಸೇರ್ಸಿ. ನನ್ನ ಕುಕ್ಕೆಗೆ ಮಾತ್ರ ಸುಂಕ ಇರ್ಲಿ."

"ಎಂದುಕಮ್ಮಾ, ಯಾಕೆ?" ಎಂದು ಅವಳ ಊರಿನವರೇ ಬೆಚ್ಚಿದರು.

ಅವಳ ಸೆರಗು ಕಣ್ಣಿಗೆ ಹೋಯಿತು.

ಕದಿರಪ್ಪ ಮೊದಲ ಸಲ ಅವಳತ್ತ ತಿರುಗಿದ. "ಅದಾಗಲ್ಲ. ತಂಗಿ ಹತ್ರ ಇಷ್ಟು ದಿನ ಎತ್ತಿದ್ದೇ ನಾಚಿಕೆಗೇಡು. ಭಾನುವಾರ ಮನೆಗೆ ಬರ್ತೀನಿ ಕಣಮ್ಮಾ, ಅರಿಶಿನ ಕುಂಕುಮ ತಗೊಂಡು. ಮೊಮ್ಮಗಳ ನಾಮಕರಣಕ್ಕೆ ಕರೀಬೇಕು. ಫೋನಲ್ಲಿ ಅಲ್ಲ."

"ಬಾ," ಎಂದಳು. "ಅವರೆಕಾಳು ಸಾರು ಮಾಡಿರ್ತೀನಿ."

"ದೊಡ್ಡ ಪಾತ್ರೇಲಿ ಮಾಡು," ಎಂದ ಅವನು, ತನ್ನ ಕೈಯನ್ನೇ ನೋಡಿಕೊಳ್ಳುತ್ತ.